ಕೊಡಗಿನಲ್ಲಿ ಹಳೆಯ ಟೂರಿಂಗ್ ಬೈಕು ಕೊಳ್ಳುವ ಮುನ್ನ: ಗುರುತು, ಪರೀಕ್ಷೆ ಮತ್ತು ಬೆಲೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಕುಟ್ಟದವರೆಗೆ, ಶನಿವಾರಸಂತೆಯಿಂದ ಕರಿಕೆಯವರೆಗೆ, ಹಳೆಯ ಬೈಕು ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎರಡೇ ಸಂಗತಿ: ಎಷ್ಟನೇ ಇಸವಿಯ ಗಾಡಿ, ಎಷ್ಟು ಕಿಲೋಮೀಟರ್ ಓಡಿದೆ. ಬಯಲುಸೀಮೆಯಲ್ಲಿ ಇವೆರಡರಿಂದಲೇ ಬೆಲೆಯನ್ನು ಬಹುಮಟ್ಟಿಗೆ ಅಂದಾಜು ಮಾಡಬಹುದು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ನಮ್ಮ ಜಿಲ್ಲೆಯಲ್ಲಿ ಗಾಡಿಯ ಆಯುಸ್ಸನ್ನು ತಿನ್ನುವುದು ಓಟಕ್ಕಿಂತ ಹೆಚ್ಚಾಗಿ ತೇವ. ನನಗಾಗಿ ಮೂರು ಹಳೆಯ ಗಾಡಿಗಳನ್ನು ಕೊಂಡು, ನೆಂಟರಿಗೂ ಗೆಳೆಯರಿಗೂ ಇನ್ನಷ್ಟನ್ನು ನೋಡಿ ಕೊಡಿಸಿದ ಅನುಭವದ ಮೇಲೆ, ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಟೂರಿಂಗ್ ಬೈಕು ಎಂದು ಯಾವುದನ್ನು ಕರೆಯಬೇಕು?

ಸಾಮಾನು ಹೇರಿಕೊಂಡು, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ದಿನಕ್ಕೆ ಮುನ್ನೂರು ನಾನೂರು ಕಿಲೋಮೀಟರ್ ದೂರವನ್ನು ಸವಾರನೂ ಎಂಜಿನ್ನೂ ದಣಿಯದಂತೆ ಕ್ರಮಿಸಬಲ್ಲ ಗಾಡಿಯನ್ನು ಹಾಗೆ ಕರೆಯುವುದು ರೂಢಿ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್, ಥಂಡರ್‌ಬರ್ಡ್, ಮೀಟಿಯರ್ 350 ಮತ್ತು ಇಂಟರ್‌ಸೆಪ್ಟರ್ 650, ಬಜಾಜ್ ಡೊಮಿನಾರ್ 400, ಕೆಟಿಎಂ 390 ಅಡ್ವೆಂಚರ್, ಬಿಎಂಡಬ್ಲ್ಯು ಜಿ 310 ಜಿಎಸ್, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್, ಹೀರೊ ಎಕ್ಸ್‌ಪಲ್ಸ್ 200 ಈ ಸಾಲಿನಲ್ಲಿ ಬರುತ್ತವೆ. ಹೆಸರಿನಲ್ಲಿ ಟೂರಿಂಗ್ ಎಂದಿರುವುದಕ್ಕಿಂತ ಗಾಡಿಯನ್ನು ಯಾವ ಕೆಲಸಕ್ಕೆ ಬಳಸಿದ್ದಾರೆ ಎಂಬುದು ಮುಖ್ಯ. ಮೈಸೂರಿಗೆ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ ಗಾಡಿಗೂ ತೋಟದ ಕಾಲುದಾರಿಯಲ್ಲಿ ಮೊದಲನೇ ಮತ್ತು ಎರಡನೇ ಗೇರಿನಲ್ಲೇ ಏರಿಳಿಯುತ್ತಿದ್ದ ಗಾಡಿಗೂ, ಮೀಟರಿನಲ್ಲಿ ಒಂದೇ ಅಂಕಿ ಇದ್ದರೂ, ಕ್ಲಚ್ ಪ್ಲೇಟಿನ ಸವೆತದಲ್ಲಿ ಅಜಗಜಾಂತರ ವ್ಯತ್ಯಾಸವಿರುತ್ತದೆ.

ಮಾರುವವರನ್ನು ಮೊದಲು ಏನು ಕೇಳಬೇಕು?

ಕಳೆದ ಮಳೆಗಾಲವನ್ನು ಗಾಡಿ ಎಲ್ಲಿ ಕಳೆಯಿತು ಎಂದು ಕೇಳಿ. ಅದರ ಹಿಂದಿನ ಮಳೆಗಾಲವನ್ನು ಎಲ್ಲಿ ಕಳೆಯಿತು ಎಂದೂ ಕೇಳಿ. ಕಾರು ನಿಲ್ಲಿಸುವ ಮುಚ್ಚಿದ ಶೆಡ್ಡಿನಲ್ಲೋ, ಅಂಗಳದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೋ, ನಿತ್ಯವೂ ಮಳೆಯಲ್ಲಿ ಓಡಾಡುತ್ತಲೋ ಎಂಬುದಕ್ಕೆ ತಕ್ಕಂತೆ ದೋಷಗಳು ಬೇರೆ ಬೇರೆ ಜಾಗಗಳಲ್ಲಿ ಇರುತ್ತವೆ. ನಿತ್ಯ ಓಡಿದ ಗಾಡಿಯಲ್ಲಿ ಚೈನ್, ಬ್ರೇಕ್ ಪ್ಯಾಡ್ ಮತ್ತು ಚಕ್ರದ ಬೇರಿಂಗ್ ಸವೆದಿರುತ್ತವೆ, ಆದರೆ ಅವೆಲ್ಲ ಬದಲಿಸಬಹುದಾದ ಭಾಗಗಳು. ಪ್ಲಾಸ್ಟಿಕ್ ಹೊದಿಸಿ ನಾಲ್ಕು ತಿಂಗಳು ನಿಲ್ಲಿಸಿದ ಗಾಡಿಯ ಸ್ಥಿತಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ಹೊದಿಕೆಯೊಳಗೆ ಸಿಕ್ಕಿಕೊಂಡ ತೇವಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗೋಡೆಯ ಮೇಲೆ ಹನಿಗಟ್ಟಿ ತುಕ್ಕು ಹಿಡಿಯುತ್ತದೆ. ಎಥೆನಾಲ್ ಬೆರೆತ ಪೆಟ್ರೋಲು ನೀರನ್ನು ಹೀರಿಕೊಂಡು ತಳದಲ್ಲಿ ನಿಲ್ಲಿಸುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಕಂದು ಬಣ್ಣದ ಚುಕ್ಕೆಗಳು ಕಾಣಿಸುತ್ತವೆ. ಫ್ಯುಯೆಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಆ ತುಕ್ಕಿನ ಪುಡಿ ಪಂಪಿಗೂ ಇಂಜೆಕ್ಟರಿಗೂ ಸೇರುವುದರಿಂದ ಇದನ್ನು ಸಣ್ಣ ದೋಷವೆಂದು ಬಿಡಬಾರದು.

ಗಾಡಿ ನಿಜವಾಗಿ ಯಾವ ಇಸವಿಯದು ಎಂದು ಹೇಗೆ ತಿಳಿಯುವುದು?

ನೋಂದಣಿಯಾದ ದಿನ ಬೇರೆ, ತಯಾರಾದ ತಿಂಗಳು ಬೇರೆ. ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಎರಡೂ ಇರುತ್ತವೆ. ಬಹುತೇಕರು ಮೊದಲನೆಯದನ್ನು ಮಾತ್ರ ಓದುತ್ತಾರೆ. ಇದರ ಪರಿಣಾಮ 2020ರ ಗಾಡಿಗಳಲ್ಲಿ ಎದ್ದು ಕಾಣುತ್ತದೆ. ಬಿಎಸ್-6 ಮಾಲಿನ್ಯ ನಿಯಮ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದುದರಿಂದ, 2019ರಲ್ಲಿ ತಯಾರಾಗಿ ಮಾರಾಟವಾಗದೆ ಉಳಿದ ಬಿಎಸ್-4 ಗಾಡಿ 2020ರ ಮಾರ್ಚ್‌ನಲ್ಲಿ ನೋಂದಣಿಯಾಗಿರಬಹುದು. ಅದನ್ನು ‘2020ರ ಮಾಡೆಲ್’ ಎಂದು ಹೇಳಿ ಬಿಎಸ್-6 ಗಾಡಿಯ ಬೆಲೆ ಕೇಳಿದರೆ ಒಪ್ಪಬೇಕಾಗಿಲ್ಲ.

ಇನ್ನೂ ಕೆಲವು ದಿನಾಂಕಗಳು ನೆನಪಿನಲ್ಲಿದ್ದರೆ ಗಾಡಿಯ ಮುಂದೆ ನಿಂತೇ ಅಂದಾಜು ಮಾಡಬಹುದು. ಬಿಎಸ್-4 ದೇಶವ್ಯಾಪಿಯಾದದ್ದು 2017ರ ಏಪ್ರಿಲ್‌ನಲ್ಲಿ. ಎಂಜಿನ್ ಚಾಲೂ ಇದ್ದಾಗ ಹೆಡ್‌ಲೈಟ್ ಸದಾ ಉರಿಯುವ ವ್ಯವಸ್ಥೆ ಬಂದದ್ದೂ ಆಗಲೇ. 125 ಸಿಸಿಗಿಂತ ಹೆಚ್ಚಿನ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಹಾಗಾಗಿ 2019ರ ಕೊನೆಯಲ್ಲಿ ತಯಾರಾದದ್ದೆಂದು ಹೇಳುವ 350 ಸಿಸಿ ಗಾಡಿಯ ಮುಂಚಕ್ರದಲ್ಲಿ ಎಬಿಎಸ್‌ನ ಸೆನ್ಸರ್ ಉಂಗುರ ಇಲ್ಲವಾದರೆ, ಒಂದೋ ಇಸವಿ ತಪ್ಪು, ಇಲ್ಲವೇ ಮುಂಭಾಗವನ್ನು ಬೇರೆ ಗಾಡಿಯಿಂದ ತಂದು ಕೂಡಿಸಲಾಗಿದೆ.

ಚಾಸಿ ಸಂಖ್ಯೆಯಿಂದ ಏನು ತಿಳಿಯುತ್ತದೆ?

ಹದಿನೇಳು ಅಂಕಿ ಅಕ್ಷರಗಳ ಈ ಸಂಖ್ಯೆ ಸಾಮಾನ್ಯವಾಗಿ ಹ್ಯಾಂಡಲಿನ ಕೆಳಗೆ, ಫ್ರೇಮಿನ ಕತ್ತಿನ ಕೊಳವೆಯ ಮೇಲೆ ಕೊರೆದಿರುತ್ತದೆ. ಮೊದಲ ಮೂರು ಗುರುತುಗಳು ತಯಾರಕರದು. ರಾಯಲ್ ಎನ್‌ಫೀಲ್ಡ್‌ನದಾದರೆ ಎಂ, ಇ, 3 ಎಂದಿರುತ್ತದೆ. ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು 1 ಮತ್ತು ಸೊನ್ನೆಯೊಂದಿಗೆ ಗೊಂದಲವಾಗುವ ಕಾರಣ ಈ ಸಂಖ್ಯೆಯಲ್ಲಿ ಬರುವಂತಿಲ್ಲ. ಕಂಡರೆ ಅನುಮಾನ ಪಡಲೇಬೇಕು. ಇಸವಿಯನ್ನು ಸೂಚಿಸುವ ಅಕ್ಷರ 2018ಕ್ಕೆ ಜೆ, 2019ಕ್ಕೆ ಕೆ, 2020ಕ್ಕೆ ಎಲ್, 2021ಕ್ಕೆ ಎಂ, 2022ಕ್ಕೆ ಎನ್, 2023ಕ್ಕೆ ಪಿ ಎಂಬ ಕ್ರಮದಲ್ಲಿದೆ. ಆ ಅಕ್ಷರ ಎಷ್ಟನೆಯ ಸ್ಥಾನದಲ್ಲಿ ಬರುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದಾದ್ದರಿಂದ ಆರ್‌ಸಿಯ ತಯಾರಿಕೆಯ ತಿಂಗಳಿನೊಂದಿಗೆ ತಾಳೆ ನೋಡುವುದು ಕ್ಷೇಮ.

ಸಂಖ್ಯೆಯನ್ನು ತಿದ್ದಿದ್ದಾರೆಯೇ ಎಂದು ನೋಡಲು ಆರ್‌ಟಿಒ ಕಚೇರಿಗಳಲ್ಲಿ ಮಾಡುವಂತೆಯೇ ಮಾಡಿ. ತೆಳು ಕಾಗದವನ್ನು ಸಂಖ್ಯೆಯ ಮೇಲಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಮೂಲ ಸಂಖ್ಯೆಯಾದರೆ ಅಕ್ಷರಗಳು ಒಂದೇ ಆಳದಲ್ಲಿ, ಒಂದೇ ಅಂತರದಲ್ಲಿ ಮೂಡುತ್ತವೆ. ಸುತ್ತಲಿನ ಲೋಹವನ್ನು ಉಜ್ಜಿ ಮತ್ತೆ ಬಣ್ಣ ಹಚ್ಚಿದ್ದರೆ ಕಣ್ಣಿಗೆ ಕಾಣದ ಉಜ್ಜುಗೆರೆಗಳೂ ಕಾಗದದ ಮೇಲೆ ಮೂಡುತ್ತವೆ. ಎಂಜಿನ್ ಸಂಖ್ಯೆಯನ್ನೂ ಹೀಗೆಯೇ ನೋಡಿ. ಎರಡೂ ಆರ್‌ಸಿಯಲ್ಲಿರುವಂತೆ ಅಕ್ಷರಶಃ ಹೊಂದದಿದ್ದರೆ ಎಷ್ಟೇ ಕಡಿಮೆ ಬೆಲೆಗೆ ಬಂದರೂ ಗಾಡಿ ಬೇಡ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ, ವಿಮೆ ಮತ್ತು ಸಾಲದ ವಿವರಗಳನ್ನು ಐದು ನಿಮಿಷದಲ್ಲಿ ನೋಡಬಹುದು.

ಒಂದೇ ಹೆಸರಿನ ಗಾಡಿಯಲ್ಲಿ ಪೀಳಿಗೆಗಳನ್ನು ಗುರುತಿಸುವುದು ಹೇಗೆ?

ಹಿಮಾಲಯನ್ 2016ರಲ್ಲಿ 411 ಸಿಸಿ ಎಂಜಿನ್ ಮತ್ತು ಕಾರ್ಬ್ಯುರೇಟರಿನೊಂದಿಗೆ ಬಂತು. 2017ರಲ್ಲಿ ಬಿಎಸ್-4 ಆದಾಗ ಫ್ಯುಯೆಲ್ ಇಂಜೆಕ್ಷನ್ ಸೇರಿತು. 2020ರ ಬಿಎಸ್-6 ಮಾದರಿಯಲ್ಲಿ ಹಿಂಚಕ್ರದ ಎಬಿಎಸ್ಸನ್ನು ಬೇಡವೆನಿಸಿದಾಗ ನಿಲ್ಲಿಸುವ ಸ್ವಿಚ್ಚು ಬಂತು. 2021ರಲ್ಲಿ ಮೀಟರಿನ ಪಕ್ಕ ದಾರಿ ತೋರಿಸುವ ಟ್ರಿಪ್ಪರ್ ಸೇರಿತು. 2023ರ ನವೆಂಬರ್‌ನಲ್ಲಿ ಬಂದ 452 ಸಿಸಿಯ ಹಿಮಾಲಯನ್ ಹೆಸರೊಂದನ್ನು ಬಿಟ್ಟರೆ ಬೇರೆಯದೇ ಗಾಡಿ: ಐದರ ಬದಲು ಆರು ಗೇರು, ಗಾಳಿ ಮತ್ತು ಆಯಿಲ್‌ನಿಂದ ತಣಿಯುತ್ತಿದ್ದ ಎಂಜಿನ್ನಿನ ಬದಲು ರೇಡಿಯೇಟರ್. ಕ್ಲಾಸಿಕ್ 350ರಲ್ಲಿಯೂ 2021ರ ಸೆಪ್ಟೆಂಬರ್‌ಗೆ ಮೊದಲಿನದು 346 ಸಿಸಿ, ನಂತರದ್ದು 349 ಸಿಸಿ. ಆರ್‌ಸಿಯಲ್ಲಿ ಈ ಮೂರು ಸಿಸಿಯ ವ್ಯತ್ಯಾಸವನ್ನು ನೋಡಿದರೆ ಎರಡನ್ನೂ ತಕ್ಷಣ ಬೇರ್ಪಡಿಸಬಹುದು. ಡೊಮಿನಾರಿನಲ್ಲಿ 2019ರಿಂದ ಮುಂದಿನ ಫೋರ್ಕು ತಲೆಕೆಳಗಾಗಿದೆ, ಅಂದರೆ ದಪ್ಪ ಕೊಳವೆ ಮೇಲೆ, ಹೊಳೆಯುವ ಸಣ್ಣ ಕೊಳವೆ ಕೆಳಗೆ. 390 ಅಡ್ವೆಂಚರ್ ನಮ್ಮಲ್ಲಿ 2020ರ ಜನವರಿಯಲ್ಲಿ ಬಂದದ್ದರಿಂದ ಅದಕ್ಕಿಂತ ಹಳೆಯದು ಇರಲು ಸಾಧ್ಯವಿಲ್ಲ.

ಮೈಸೂರಿನ ಹಳೆಯ ಯೆಜ್ಡಿಯನ್ನು ದೂರ ಪ್ರಯಾಣಕ್ಕೆ ಕೊಳ್ಳಬಹುದೇ?

ಪ್ರೀತಿಯಿಂದ ಕೊಳ್ಳಬಹುದು, ಆದರೆ ಪ್ರವಾಸದ ಮೊದಲ ಗಾಡಿಯಾಗಿ ಬೇಡವೆಂಬುದು ನನ್ನ ಅಭಿಪ್ರಾಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಪ್ರತಿ ಗಾಡಿಯೂ ಹದಿನೈದು ವರ್ಷದ ನೋಂದಣಿ ಅವಧಿಯನ್ನು ಎಂದೋ ದಾಟಿದೆ. ಆದ್ದರಿಂದ ಅದರ ಬೆಲೆಯಲ್ಲಿ ಅರ್ಧ ಪಾಲು ನವೀಕರಣಗೊಂಡ ಆರ್‌ಸಿಗೆ ಸಲ್ಲುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಮತ್ತು ಕಿಕ್ಕರೂ ಗೇರೂ ಒಂದೇ ಕಡ್ಡಿಯಲ್ಲಿರುವುದು ಅದರ ಗುರುತು.

ನೆರೆಯಲ್ಲಿ ಮುಳುಗಿದ್ದ ಗಾಡಿಯನ್ನು ಗುರುತಿಸುವುದು ಹೇಗೆ?

2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಾವೇರಿ ದಂಡೆ ಮೀರಿ ಹರಿದಾಗ ಕುಶಾಲನಗರದ ಬಡಾವಣೆಗಳಲ್ಲಿಯೂ ನದಿಯಂಚಿನ ಊರುಗಳಲ್ಲಿಯೂ ನಿಂತಲ್ಲೇ ನೀರು ಕಂಡ ಗಾಡಿಗಳು ಒಂದೆರಡಲ್ಲ. ಅವುಗಳಲ್ಲಿ ಚೆನ್ನಾಗಿ ಬಿಚ್ಚಿ ಒಣಗಿಸಿದವು ಇಂದಿಗೂ ಓಡುತ್ತಿವೆ; ಬರಿದೇ ತೊಳೆದು ಮಾರಿದವು ವರ್ಷಗಳ ನಂತರವೂ ಕಾಟ ಕೊಡುತ್ತವೆ. ಭಾಗಮಂಡಲದ ಸಂಗಮದ ಸುತ್ತ, ನೀರು ಹತ್ತಿದ ರಸ್ತೆಯನ್ನು ದಾಟಲು ಹೋಗಿ ನಡುವೆಯೇ ಬಂದ್ ಬಿದ್ದ ಗಾಡಿಗಳೂ ಇದೇ ಗುಂಪಿಗೆ ಸೇರುತ್ತವೆ.

ಕುಶಾಲನಗರದ ಬಳಿ ಗೆಳೆಯನೊಬ್ಬನಿಗಾಗಿ ನೋಡಿದ ಗಾಡಿಯೊಂದು ಹೊರಗಿನಿಂದ ಶೋರೂಮಿನಿಂದ ಇಳಿದಂತಿತ್ತು. ಟ್ಯಾಂಕು ಹೊಳೆಯುತ್ತಿತ್ತು, ಸೀಟಿಗೆ ಹೊಸ ಹೊದಿಕೆ ಹಾಕಿಸಿದ್ದರು. ನೀರು ಕಂಡೇ ಇಲ್ಲ ಎಂದು ಮಾರುವವರು ಹೇಳಿದರು. ಸೀಟು ಎತ್ತಿ ಫ್ಯೂಸ್ ಡಬ್ಬಿಯ ಮುಚ್ಚಳ ಬಿಚ್ಚಿದಾಗ, ಅದರ ಒಳಮೂಲೆಯಲ್ಲಿ ಉಗುರಿನಿಂದ ಕೆರೆದರೆ ಪುಡಿಯಾಗುವಷ್ಟು ನಯವಾದ ಬೂದು ಬಣ್ಣದ ರೇವೆ ಗೆರೆಯಂತೆ ಕಟ್ಟಿತ್ತು. ರಸ್ತೆಯಿಂದ ಸಿಡಿದ ಕೆಸರು ಹರಳುಹರಳಾಗಿ, ಕೆಂಪಾಗಿ, ಮಡ್‌ಗಾರ್ಡಿನ ಹಿಂದೆ ಅಂಟುತ್ತದೆ. ನಿಂತ ನೀರಿನ ರೇವೆ ಮಾತ್ರ ಮುಚ್ಚಳದ ಒಳಗೆ ಹೀಗೆ ಸಮಮಟ್ಟದ ಗೆರೆ ಬಿಡುತ್ತದೆ. ಹೆಡ್‌ಲೈಟಿನ ಹಿಂದಿನ ವೈರಿನ ಜೋಡಣೆಯನ್ನು ಎಳೆದು ನೋಡಿದರೆ ತಾಮ್ರದ ಪಿನ್ನುಗಳು ಹಸಿರುಗಟ್ಟಿದ್ದವು. ನಾವು ನಮಸ್ಕಾರ ಹೇಳಿ ಹೊರಟು ಬಂದೆವು.

ಆದ್ದರಿಂದ ಸೀಟಿನ ಕೆಳಗೆ, ಫ್ಯೂಸ್ ಡಬ್ಬಿಯಲ್ಲಿ, ಏರ್ ಫಿಲ್ಟರಿನ ಪೆಟ್ಟಿಗೆಯ ತಳದಲ್ಲಿ, ಮೀಟರಿನ ಗಾಜಿನ ಒಳಬದಿಯಲ್ಲಿ ನೋಡಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ.

ಬಿದ್ದು ಎದ್ದ ಗಾಡಿಯನ್ನು ಹೇಗೆ ತಿಳಿಯುವುದು?

ನಿಂತಲ್ಲೇ ವಾಲಿ ಬಿದ್ದ ಗಾಡಿಗೂ ಓಡುವಾಗ ಬಿದ್ದ ಗಾಡಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕ್ಲಚ್ ಅಥವಾ ಬ್ರೇಕ್ ಲಿವರಿನ ತುದಿ, ಹ್ಯಾಂಡಲಿನ ತುದಿ, ಕ್ರ್ಯಾಶ್ ಗಾರ್ಡ್ ಇಷ್ಟರಲ್ಲೇ ಗೀರುಗಳು ನಿಲ್ಲುತ್ತವೆ. ತೋಟದ ದಾರಿಯಲ್ಲಿ ಓಡಿದ ಗಾಡಿಗೆ ಇವು ಸಹಜ, ಇದಕ್ಕಾಗಿ ಬೆಲೆ ಇಳಿಸುವುದು ನ್ಯಾಯವಲ್ಲ. ಎರಡನೆಯದನ್ನು ಹುಡುಕಲು ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಅದು ಫ್ರೇಮಿಗೆ ತಾಗಿ ನಿಲ್ಲುವ ಗುಬುಟನ್ನು ನೋಡಿ. ಅಲ್ಲಿ ಲೋಹ ಜಜ್ಜಿದ್ದರೆ ಅಥವಾ ಬಣ್ಣ ಒಡೆದಿದ್ದರೆ ಮುಂಚಕ್ರಕ್ಕೆ ಜೋರಾದ ಪೆಟ್ಟು ಬಿದ್ದಿದೆ. ಅನಂತರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಕುಳಿತು, ಎರಡೂ ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ. ಸಾಮಾನಿನ ಪೆಟ್ಟಿಗೆ ಕಟ್ಟಿ ಓಡಿಸಿದ ಗಾಡಿಯಲ್ಲಿ ಸೀಟಿನ ಕೆಳಗಿನ ಸಬ್‌ಫ್ರೇಮಿನ ಬೆಸುಗೆಗಳನ್ನು ಬೆಳಕು ಹಿಡಿದು ಒಂದೊಂದಾಗಿ ಪರೀಕ್ಷಿಸಿ. ಬಿರುಕು ಬಿಟ್ಟು ಮತ್ತೆ ವೆಲ್ಡಿಂಗ್ ಮಾಡಿಸಿದ್ದರೆ ಕಂಪನಿಯ ಬೆಸುಗೆಯ ನಯ ಅಲ್ಲಿರುವುದಿಲ್ಲ.

ಎಂಜಿನ್ನನ್ನು ಪರೀಕ್ಷಿಸುವಾಗ ಯಾವುದನ್ನು ಮರೆಯಬಾರದು?

ಚಾಲೂ ಮಾಡುವ ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡುವುದನ್ನು. ನಾನು ಕೊಂಡ ಮೊದಲ ಹಳೆಯ ಗಾಡಿಯನ್ನು ಗೋಣಿಕೊಪ್ಪದ ಬಳಿಯ ಮನೆಯೊಂದರಲ್ಲಿ ನೋಡಿದೆ. ಗುಂಡಿ ಒತ್ತಿದೊಡನೆ ಶುರುವಾಯಿತು, ಹೊಗೆಯಿಲ್ಲ, ಸದ್ದಿಲ್ಲ. ಸಂತೋಷದಿಂದ ಹಣ ಎಣಿಸಿದೆ. ನಾನು ತಲುಪುವ ಅರ್ಧ ಗಂಟೆ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿ ಇಟ್ಟಿದ್ದರು ಎಂಬುದು ತಿಳಿದದ್ದು ವಾರದ ನಂತರ, ಡಿಸೆಂಬರಿನ ಮುಂಜಾನೆ ಆರು ಗಂಟೆಗೆ ಅಂಗಳದಲ್ಲಿ ಎಷ್ಟು ಒತ್ತಿದರೂ ಗಾಡಿ ಏಳದೆ, ಎದ್ದಾಗ ನೀಲಿ ಹೊಗೆ ಕಾರಿದಾಗ. ಪಿಸ್ಟನ್ ರಿಂಗು ಸವೆದಿತ್ತು. ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ‘ಮೊದಲು ಕೈ ಇಟ್ಟು ನೋಡಬೇಕಿತ್ತು ಸಾರ್’ ಎಂದದ್ದನ್ನು ನಾನು ಇಂದಿಗೂ ಪಾಲಿಸುತ್ತೇನೆ. ಹೋಗುವ ಮೊದಲೇ ‘ನಾನು ಬರುವವರೆಗೆ ಚಾಲೂ ಮಾಡಬೇಡಿ’ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು, ಮತ್ತು ಬೆಳಿಗ್ಗೆ ಬೇಗ ಹೋಗುವುದು ಉತ್ತಮ.

ಹೊಗೆಯ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಮಡಿಕೇರಿಯ ಚಳಿಯಲ್ಲಿ ಮೊದಲ ಕೆಲವು ನಿಮಿಷ ಸೈಲೆನ್ಸರಿನಿಂದ ಬಿಳಿಯ ಆವಿ ಬರುವುದು ದೋಷವಲ್ಲ. ಎಂಜಿನ್ ಬಿಸಿಯಾದಂತೆ ಅದು ಮಾಯವಾಗಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ಕಪ್ಪು ಹೊಗೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿರುವುದನ್ನೂ ತೋರಿಸುತ್ತವೆ.

ಓಡಿಸಿ ನೋಡಲು ಯಾವ ರಸ್ತೆ ಒಳ್ಳೆಯದು?

ಊರೊಳಗಿನ ಒಂದು ಸುತ್ತು ಏನನ್ನೂ ಹೇಳುವುದಿಲ್ಲ. ಏರು, ಇಳಿಜಾರು ಎರಡೂ ಇರುವ ರಸ್ತೆ ಬೇಕು, ಮತ್ತು ಅದು ನಮ್ಮಲ್ಲಿ ಎಲ್ಲ ದಿಕ್ಕಿನಲ್ಲೂ ಇದೆ. ಮಡಿಕೇರಿಯವರು ಸಂಪಾಜೆ ಘಾಟಿಯ ಕಡೆಗೆ ಕೆಲವು ಕಿಲೋಮೀಟರ್ ಇಳಿದು ಹತ್ತಿ ಬಂದರೆ, ವಿರಾಜಪೇಟೆಯವರು ಮಾಕುಟ್ಟದ ಕಡೆಗೆ ಹೋಗಿ ಬಂದರೆ ಸಾಕು. ಇಳಿಯುವಾಗ ಮೂರನೇ ಗೇರಿನಲ್ಲಿ ಆಕ್ಸಿಲೇಟರ್ ಪೂರ್ತಿ ಬಿಟ್ಟು ಸ್ವಲ್ಪ ದೂರ ಹೋಗಿ, ತಿರುವು ಇಲ್ಲದ ಜಾಗದಲ್ಲಿ ಮತ್ತೆ ಕೊಡಿ. ಆ ಕ್ಷಣ ಹಿಂದಿನಿಂದ ನೀಲಿ ಹೊಗೆ ಉಗುಳಿದರೆ ವಾಲ್ವಿನ ಸೀಲು ಹೋಗಿದೆ. ಇದನ್ನು ನೋಡಲು ಹಿಂದೆ ಇನ್ನೊಂದು ಗಾಡಿಯಲ್ಲಿ ಗೆಳೆಯರು ಬರುತ್ತಿರಬೇಕು. ಹತ್ತುವಾಗ ನಾಲ್ಕನೇ ಗೇರಿನಲ್ಲಿ ಜೋರಾಗಿ ಕೊಟ್ಟಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಹಿಡಿದಾಗ ಲಿವರು ಬೆರಳಿಗೆ ಬಡಿದಂತೆ ಮಿಡಿದರೆ ಡಿಸ್ಕ್ ಸೊಟ್ಟಗಾಗಿದೆ.

ಕೀಲಿ ತಿರುಗಿಸಿದಾಗ ಎಬಿಎಸ್ ದೀಪವೂ ಎಂಜಿನ್ ದೀಪವೂ ಒಮ್ಮೆ ಹೊತ್ತಲೇಬೇಕು. ಹೊತ್ತಿದ್ದು ಗಾಡಿ ಸ್ವಲ್ಪ ದೂರ ಓಡಿದ ಮೇಲೂ ಆರದಿದ್ದರೆ ದೋಷವಿದೆ. ಹೊತ್ತದೇ ಇದ್ದರೆ ದೋಷವನ್ನು ಮುಚ್ಚಿಡಲು ದೀಪವನ್ನೇ ಕಳಚಿರಬಹುದು. ಎರಡನೆಯದು ಹೆಚ್ಚು ಅಪಾಯಕರ. ರೇಡಿಯೇಟರ್ ಇರುವ ಗಾಡಿಯಾದರೆ ಘಾಟಿ ಹತ್ತಿ ಬಂದು ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಫ್ಯಾನ್ ತಿರುಗುವವರೆಗೆ ಕಾಯಿರಿ.

ಕೊನೆಗೆ ನಡುಸ್ಟ್ಯಾಂಡ್ ಹಾಕಿ, ಅಥವಾ ಒಬ್ಬರು ಹಿಂದೆ ಒತ್ತಿ ಮುಂಚಕ್ರವನ್ನು ಎತ್ತಿ ಹಿಡಿದು, ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಡುವಿನಲ್ಲಿ ಕಚ್ಚಿದಂತಾದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್, ಹೋಗಿದೆ. ಗುಂಡಿಬಿದ್ದ ರಸ್ತೆಗಳಲ್ಲಿ ಓಡಿದ ಗಾಡಿಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದೇ.

ಮೀಟರಿನ ಕಿಲೋಮೀಟರನ್ನು ನಂಬಬಹುದೇ?

ಬಿಲ್ಲುಗಳು ಜೊತೆಗಿದ್ದರೆ ನಂಬಬಹುದು. ಸರ್ವಿಸ್ ಬಿಲ್ಲಿನಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ. ಅವು ಏರುತ್ತ ಹೋಗಬೇಕು. ಬಿಲ್ಲು ಇಲ್ಲದಿದ್ದರೆ ಕೈ ಕಾಲು ತಾಗುವ ಭಾಗಗಳನ್ನು ನೋಡಿ: ಗೇರು ಲಿವರಿನ ರಬ್ಬರು, ಫುಟ್‌ರೆಸ್ಟಿನ ಹಲ್ಲು, ಹಿಡಿಕೆಯ ಗೆರೆಗಳು. ಬ್ರೇಕ್ ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ. ಹನ್ನೆರಡು ಸಾವಿರ ಕಿಲೋಮೀಟರ್ ಎಂದು ತೋರಿಸುವ ಗಾಡಿಯ ಡಿಸ್ಕು ಆ ಅಳತೆಯ ಹತ್ತಿರಕ್ಕೆ ಸವೆದಿರುವುದು ಅಸಹಜ.

ಟೈರಿನ ವಯಸ್ಸನ್ನು ತಿಳಿಯುವುದು ಹೇಗೆ?

ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೇ ವಾರ. ಗೆರೆಗಳು ಆಳವಾಗಿದ್ದರೂ ಐದಾರು ವರ್ಷ ದಾಟಿದ ಟೈರಿನ ರಬ್ಬರು ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮ ಪಾಚಿಗಟ್ಟಿದ ತಿರುವುಗಳಲ್ಲಿ ಅಂಥ ಟೈರನ್ನು ನಾನು ಸವೆದ ಟೈರಿನ ಲೆಕ್ಕಕ್ಕೇ ಸೇರಿಸುತ್ತೇನೆ.

ಕೇರಳ ನೋಂದಣಿಯ ಗಾಡಿ ಅಗ್ಗವಾಗಿ ಸಿಗುತ್ತದೆ, ಕೊಳ್ಳಬಹುದೇ?

ಕುಟ್ಟದಾಚೆ ವಯನಾಡಿನ ಕೆಎಲ್-12, ಮಾಕುಟ್ಟದಾಚೆ ಕಣ್ಣೂರಿನ ಕೆಎಲ್-13 ಗಾಡಿಗಳು ನಮ್ಮ ಪೇಟೆಗಳಿಗೆ ನಿತ್ಯ ಬರುತ್ತವೆ, ಮಾರಾಟಕ್ಕೂ ಸಿಗುತ್ತವೆ. ಅವುಗಳನ್ನು ನಮ್ಮ ಕೆಎ-12ಕ್ಕೆ ತರಬೇಕಾದರೆ ಅಲ್ಲಿನ ಕಚೇರಿಯಿಂದ 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಬೇಕು. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಆ ತೆರಿಗೆ ಎಷ್ಟಾಗುತ್ತದೆಂದು ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಗಾಡಿಯ ಬೆಲೆಗೆ ಕೂಡಿಸಿ. ದುಬಾರಿ ಗಾಡಿಗಳಲ್ಲಿ ‘ಅಗ್ಗ’ ಎಂದು ಕಂಡ ಮೊತ್ತ ಅಲ್ಲಿಯೇ ಕರಗಿಹೋಗುವುದುಂಟು. ಸೇನೆಯಲ್ಲಿರುವವರು ವರ್ಗಾವಣೆಯಾದಾಗ ಹೊರರಾಜ್ಯದಿಂದ ತಂದ ಗಾಡಿಗಳಿಗೂ ಇದೇ ನಿಯಮ; ಕ್ಯಾಂಟೀನ್ ಮೂಲಕ ಕೊಂಡದ್ದಾದರೆ ಮೂಲ ಬಿಲ್ಲಿನ ಮೊತ್ತವೇ ಕಡಿಮೆಯಿರುತ್ತದೆ ಎಂಬುದನ್ನೂ ಗಮನಿಸಿ.

ಬಾಡಿಗೆಗೆ ಓಡಿದ ಗಾಡಿ ಎಂದು ಹೇಗೆ ಗೊತ್ತಾಗುತ್ತದೆ?

ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. ನಂತರ ಖಾಸಗಿಗೆ ಬದಲಾಯಿಸಿದ್ದರೆ ಫಲಕ ಬಿಳಿಯಾಗುತ್ತದೆ, ಹಿಂದಿನ ಕಥೆ ಆರ್‌ಸಿಯ ದಾಖಲೆಗಳಲ್ಲಿ ಮಾತ್ರ ಉಳಿಯುತ್ತದೆ. ನೂರು ಕೈಗಳಲ್ಲಿ ಕ್ಲಚ್ ಹಿಡಿಸಿಕೊಂಡ ಗಾಡಿಯನ್ನು ನಾನಂತೂ ಕೊಡಿಸುವುದಿಲ್ಲ.

ಹಾಗಾದರೆ ಬೆಲೆಯನ್ನು ಕಟ್ಟುವುದು ಹೇಗೆ?

ಮಾರುವವರು ಹೇಳಿದ ಬೆಲೆಯಿಂದ ಚೌಕಾಸಿ ಮಾಡುತ್ತ ಕೆಳಗಿಳಿಯುವುದು ನಮ್ಮ ರೂಢಿ. ಅದಕ್ಕಿಂತ, ಮನೆಯಿಂದ ಹೊರಡುವ ಮೊದಲೇ ನಮ್ಮದೊಂದು ಬೆಲೆಯನ್ನು ಕಟ್ಟಿಕೊಂಡು, ಗಾಡಿಯನ್ನು ನೋಡಿದ ಮೇಲೆ ಅದರಿಂದ ಕಳೆಯುತ್ತ ಹೋಗುವುದು ಸರಿಯಾದ ಕ್ರಮ. ಕ್ರಮ ತಿಳಿಯಲೆಂದು ಊಹೆಯ ಅಂಕಿಗಳಲ್ಲಿ ಒಂದು ಲೆಕ್ಕ ಹಾಕುತ್ತೇನೆ. ದರಗಳನ್ನು ನಿಮ್ಮ ಮೆಕ್ಯಾನಿಕ್ ಮತ್ತು ಬಿಡಿಭಾಗದ ಅಂಗಡಿಯಿಂದ ನೀವೇ ಪಡೆಯಬೇಕು.

ನಿಮಗೆ ಬೇಕಾದ ಗಾಡಿಯನ್ನೇ ಹೋಲುವ, ಅದೇ ಇಸವಿಯ, ಅದೇ ಮಾಲಿನ್ಯ ನಿಯಮದ ಐದು ಗಾಡಿಗಳಿಗೆ ಮೈಸೂರು, ಮಂಗಳೂರು, ಹಾಸನಗಳಲ್ಲಿ 1,35,000, 1,42,000, 1,50,000, 1,58,000 ಮತ್ತು 1,75,000 ರೂಪಾಯಿ ಕೇಳುತ್ತಿದ್ದಾರೆ ಎನ್ನೋಣ. ತೀರ ಕಡಿಮೆಯ ಒಂದನ್ನೂ ತೀರ ಹೆಚ್ಚಿನ ಒಂದನ್ನೂ ಬಿಟ್ಟರೆ ಉಳಿದ ಮೂರರ ಸರಾಸರಿ 1,50,000. ಇದು ಕೇಳುವ ಬೆಲೆಯೇ ಹೊರತು ಕೈಬದಲಾಗುವ ಬೆಲೆಯಲ್ಲ. ಚೌಕಾಸಿಗೆಂದು ಎಲ್ಲರೂ ಬಿಟ್ಟುಕೊಂಡ ಅಂಶವನ್ನು ತೆಗೆದು 1,40,000 ಎಂದು ಹಿಡಿಯೋಣ. ಗಾಡಿಯನ್ನು ನೋಡಿದಾಗ ಎರಡೂ ಟೈರು ಮುಗಿದಿವೆ (9,000), ಚೈನು-ಸ್ಪ್ರಾಕೆಟ್ ಮುಗಿದಿದೆ (4,500), ಫೋರ್ಕಿನಿಂದ ಆಯಿಲ್ ಸೋರುತ್ತಿದೆ (2,500), ಕೋನ್‌ಸೆಟ್ ಕಚ್ಚುತ್ತಿದೆ (2,000), ಬ್ಯಾಟರಿ ಹೋಗಿದೆ (2,000). ಈ 20,000 ಕಳೆದರೆ 1,20,000. ಅಂಗಳದಲ್ಲಿ ಎರಡು ಮಳೆಗಾಲ ಕಳೆದ ಕಾರಣ ಟ್ಯಾಂಕಿನ ತುಕ್ಕು ತೆಗೆಸಿ, ಸ್ಟ್ಯಾಂಡ್ ಮತ್ತು ಬ್ರಾಕೆಟ್ಟುಗಳನ್ನು ಉಜ್ಜಿ ಬಣ್ಣ ಹಾಕಿಸಲು 6,000, ಉಳಿದದ್ದು 1,14,000. ನಮ್ಮ ಕಣ್ಣಿಗೆ ಬೀಳದೆ ಹೋದ ದೋಷಗಳಿಗೆಂದು ಮೊದಲು ಹಿಡಿದ 1,40,000ದಲ್ಲಿ ನೂರಕ್ಕೆ ಐದು, ಅಂದರೆ 7,000 ಕಳೆದರೆ 1,07,000. ಹೆಸರು ಬದಲಾವಣೆ ಮತ್ತು ವಿಮೆಯ ಖರ್ಚು 2,000 ಹೋಗಿ ಕೈಗೆ ಸಿಗುವ ಅಂಕಿ 1,05,000. ಅಲ್ಲಿಂದ ಮೇಲೆ ಎಷ್ಟು ಕೊಡುತ್ತೀರಿ ಎಂಬುದು ಆಸೆಯ ಬೆಲೆ, ಗಾಡಿಯದಲ್ಲ.

ಎರಡು ತಪ್ಪುಗಳನ್ನು ಮಾಡಬಾರದು. ಅರ್ಧ ಸವೆದ ಟೈರಿಗೆ ಪೂರ್ತಿ ಟೈರಿನ ಬೆಲೆ ಕಳೆಯುವಂತಿಲ್ಲ, ಏಕೆಂದರೆ ಹಳೆಯ ಗಾಡಿಯ ಮಾರುಕಟ್ಟೆ ಬೆಲೆಯಲ್ಲಿ ಆ ಮಟ್ಟದ ಸವೆತ ಈಗಾಗಲೇ ಸೇರಿರುತ್ತದೆ. ಮತ್ತು ಎಲ್ಲ ಸರ್ವಿಸ್ ಬಿಲ್ಲುಗಳನ್ನೂ ಜೋಪಾನವಾಗಿಟ್ಟುಕೊಂಡು, ಗಾಡಿಯನ್ನು ಮುಚ್ಚಿದ ಶೆಡ್ಡಿನಲ್ಲಿಟ್ಟವರ ಬಳಿ ಆ ನೂರಕ್ಕೆ ಐದನ್ನು ಕೇಳಬಾರದು. ಅವರು ಅದನ್ನು ಆರೈಕೆಯ ರೂಪದಲ್ಲಿ ಮುಂಚಿತವಾಗಿಯೇ ಕೊಟ್ಟಿದ್ದಾರೆ.

ವಿಮೆಯಲ್ಲಿರುವ ಐಡಿವಿ ಮೊತ್ತವೇ ಬೆಲೆಯಲ್ಲವೇ?

ಅಲ್ಲ, ಆದರೆ ಹೋಲಿಸಿ ನೋಡಲು ಒಳ್ಳೆಯದು. ಐಡಿವಿ ಎಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ. ಅದನ್ನು ತಯಾರಕರ ಪಟ್ಟಿ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಕಳೆದು ಲೆಕ್ಕ ಹಾಕುತ್ತಾರೆ: ಒಂದರಿಂದ ಎರಡು ವರ್ಷಕ್ಕೆ ಶೇ. 20, ಎರಡರಿಂದ ಮೂರಕ್ಕೆ ಶೇ. 30, ಮೂರರಿಂದ ನಾಲ್ಕಕ್ಕೆ ಶೇ. 40, ನಾಲ್ಕರಿಂದ ಐದಕ್ಕೆ ಶೇ. 50. ಐದು ವರ್ಷದ ನಂತರ ವಿಮಾ ಕಂಪನಿ ಮತ್ತು ಮಾಲೀಕರು ಒಪ್ಪಿದ ಮೊತ್ತ. ಗಾಡಿ ಮಳೆಯಲ್ಲಿ ನಿಂತಿತ್ತೇ ಶೆಡ್ಡಿನಲ್ಲಿತ್ತೇ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಪೆಟ್ಟಿಗೆ, ದೀಪ, ಬೇರೆ ಸೈಲೆನ್ಸರ್ ಇವುಗಳಿಗೆ ಎಷ್ಟು ಕೊಡಬೇಕು?

ಹಿಂಬದಿಯ ಎರಡೂ ಪಕ್ಕಕ್ಕೆ ಕಟ್ಟುವ ಒಳ್ಳೆಯ ಪ್ಯಾನಿಯರ್ ಪೆಟ್ಟಿಗೆ ಮತ್ತು ಕ್ರ್ಯಾಶ್ ಗಾರ್ಡಿಗೆ, ನಿಮಗೆ ಅವು ಬೇಕಿದ್ದರೆ ಮಾತ್ರ, ಹೊಸದರ ಮೂರನೇ ಒಂದು ಪಾಲು ಕೊಡಬಹುದು. ವೈರು ಕತ್ತರಿಸಿ ಟೇಪು ಸುತ್ತಿ ಜೋಡಿಸಿದ ಹೆಚ್ಚುವರಿ ದೀಪಗಳು ಮಳೆನಾಡಿನಲ್ಲಿ ದೋಷದ ಮೂಲ. ಅವಕ್ಕೆ ಕೊಡುವುದಲ್ಲ, ಕಳೆಯಬೇಕು. ಸೈಲೆನ್ಸರ್ ಬದಲಿಸಿದ್ದರೆ ಕಂಪನಿಯದನ್ನು ಕೇಳಿ ಪಡೆಯಿರಿ.

ವ್ಯವಹಾರದ ದಿನ ಯಾವ ಕಾಗದಗಳು ಕೈಸೇರಬೇಕು?

ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಪತ್ರ, ಎರಡೂ ಕೀಲಿಗಳು, ಹೆಸರು ಬದಲಾವಣೆಗೆ ಬೇಕಾದ, ಮಾಲೀಕರು ಸಹಿ ಹಾಕಿದ 29 ಮತ್ತು 30ನೇ ನಮೂನೆಗಳು. ಸಾಲದಲ್ಲಿ ಕೊಂಡ ಗಾಡಿಯಾದರೆ ಸಾಲ ತೀರಿದ ಬ್ಯಾಂಕಿನ ಪತ್ರದೊಂದಿಗೆ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ 35ನೇ ನಮೂನೆ ಬೇಕು. ‘ಸಾಲ ತೀರಿದೆ, ಕಾಗದ ಆಮೇಲೆ ಕೊಡುತ್ತೇನೆ’ ಎಂಬ ಮಾತಿಗೆ ಹಣ ಕೊಡಬೇಡಿ. ಮಾಲೀಕರು ತೀರಿಕೊಂಡಿದ್ದರೆ ಗಾಡಿ ಮೊದಲು 31ನೇ ನಮೂನೆಯ ಮೂಲಕ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮಗೆ. ಬಾಕಿ ದಂಡಗಳನ್ನು ಇ-ಚಲನ್ ತಾಣದಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ.

ಕೊಂಡವರು 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಮಾರಿದವರು ಅದೇ ರಾಜ್ಯದಲ್ಲಾದರೆ 14 ದಿನಗಳೊಳಗೆ ತಿಳಿಸಬೇಕು. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗಾಗಿ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ಅವರೊಂದಿಗೇ ಹೋಗುತ್ತದೆ, ಗಾಡಿಯೊಂದಿಗೆ ಬರುವುದಿಲ್ಲ. ಆ ವ್ಯತ್ಯಾಸದ ಹಣವನ್ನು ವಿಮಾ ಕಂಪನಿ ನಿಮ್ಮಿಂದ ಕೇಳುತ್ತದೆ.

ವರ್ಷದ ಯಾವ ಕಾಲದಲ್ಲಿ ಕೊಳ್ಳುವುದು ಲೇಸು?

ಮಳೆ ಹಿಡಿದ ಜುಲೈನಲ್ಲಿ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಹಣವಿರುವ ತಿಂಗಳುಗಳಲ್ಲಿ ಎಲ್ಲರೂ ಗಾಡಿ ಹುಡುಕುತ್ತಾರೆ. ಜುಲೈನಲ್ಲಿ ಹುಡುಕುವವರು ವಿರಳ, ಹಾಗಾಗಿ ಮಾರುವವರು ಮಾತಿಗೆ ಬಗ್ಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಬೇಸಗೆಯಲ್ಲಿ ಅಡಗಿರುವ ದೋಷಗಳೆಲ್ಲ ಆಗ ಹೊರಗೆ ಬರುತ್ತವೆ: ಮೀಟರಿನೊಳಗೆ ಆವಿ ಕಟ್ಟುತ್ತದೆ, ಇಂಡಿಕೇಟರ್ ಕೈಕೊಡುತ್ತದೆ, ಪ್ಲಗ್ಗಿಗೆ ನೀರಿಳಿದು ಎಂಜಿನ್ ತಡವರಿಸುತ್ತದೆ. ಶೆಡ್ಡು ಇದೆ ಎಂದು ಹೇಳಿದವರ ಮನೆಯಲ್ಲಿ ಗಾಡಿ ನಿಜವಾಗಿಯೂ ಶೆಡ್ಡಿನಲ್ಲಿ ನಿಂತಿದೆಯೇ ಎಂಬುದನ್ನೂ ಆ ತಿಂಗಳಲ್ಲಿ ಗೇಟಿನ ಬಳಿಯಿಂದಲೇ ನೋಡಬಹುದು.